ಬೇಲಿ ಎದ್ದು ಕಾಡು ಮೇಯ್ದ ಕಥೆ

ಮಾಘ ಕಳೆದು ಫಾಲ್ಗುಣ ಕಾಲಿಟ್ಟಿತೆಂದರೆ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಹಿತ್ತಲ ಕೆಲಸಕ್ಕೆ ಕೈ ಹಚ್ಚುವ ಕಾಲ. ತೆಂಗಿನ ಬುಡದ ಪಾತಿ ಬಿಡಿಸುವುದು, ಉದುರಿದ ತರಗು ಗುಡಿಸುವುದು, ಮಲ್ಲಿಗೆ ಬಳ್ಳಿಯನ್ನು ಸವರಿ ನೀರು ಕಟ್ಟುವುದು, ಮಳೆಗಾಲದಲ್ಲಿ ಮನಸೋ ಇಚ್ಛೆ ಬೆಳೆದ ಬೇಲಿಯನ್ನು ಕತ್ತರಿಸಿ ಹದಕ್ಕೆ ತರುವುದು. ಅಷ್ಟರಲ್ಲಿ ಹೊಂಗೆ ಚಿಗುರಿ ಹೂವಾಗುತ್ತದೆ, ಯುಗಾದಿಗೆಂದೇ ಬೇವು ಹೂ ಬಿಡುತ್ತದೆ. ಅತ್ತ ಕಾಕನಕೋಟೆಯ ಕಾಡಿನಲ್ಲಿ ಮುತ್ತುಗ, ಬೂರುಗಗಳು ಕೆಂಪಾಗಿ, ಬೇಸಿಗೆ ಬಲಿತಾಗ ಕಕ್ಕೆ ಹೊನ್ನಿನ ಬಣ್ಣ ತಳೆಯುತ್ತದೆ.

ಹಿತ್ತಲ ಹೂಗಳು ಬೇರೆ, ಕಾಡಿನ ಹೂಗಳು ಬೇರೆ. ಆದರೆ ಒಂದು ಹೂ ಮಾತ್ರ ಎರಡೂ ಕಡೆ ಇದೆ. ಋತುವಿನ ಹಂಗಿಲ್ಲದೆ ಅರಳುವ, ಹಳದಿಯಾಗಿ ಬಿರಿದು ಕಿತ್ತಳೆಗೋ ಗುಲಾಬಿಗೋ ತಿರುಗುವ ಪುಟ್ಟ ಗೊಂಚಲು ಅದು. ಅದೇ ಲಂಟಾನ. ಕಾಕನಕೋಟೆಯ ಕಾಡಿನ ಇಂದಿನ ಸ್ಥಿತಿಯನ್ನು ತಿಳಿಯಬೇಕಾದರೆ ಈ ಬೇಲಿಗಿಡದ ಇತಿಹಾಸವನ್ನು ತಿಳಿಯಬೇಕು.

ಲಂಟಾನದ ತವರು ಅಮೆರಿಕ ಖಂಡದ ಉಷ್ಣವಲಯ. 17ನೇ ಶತಮಾನದಲ್ಲಿ ಡಚ್ಚರು ಅದನ್ನು ಬ್ರೆಜಿಲ್‌ನಿಂದ ಯುರೋಪಿಗೆ ಒಯ್ದರು. ಅಲ್ಲಿನ ಗಾಜಿನ ಮನೆಗಳಲ್ಲಿ ತೋಟಗಾರರು ತಳಿಗೆ ತಳಿ ಬೆರೆಸಿ ಬಗೆಬಗೆಯ ಬಣ್ಣದ ಹೂಗಳನ್ನು ಪಡೆದರು. 19ನೇ ಶತಮಾನದ ಮೊದಲ ದಶಕದಲ್ಲಿ ಅದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದಿತು. ಅಲ್ಲಿಂದ ದೊರೆಗಳ ಬಂಗಲೆಗಳಿಗೆ, ತೋಟಗಳ ಬೇಲಿಗಳಿಗೆ ಹಬ್ಬಿತು. ದನ ಮುಟ್ಟದ, ನೀರು ಬೇಡದ, ಕತ್ತರಿಸಿದಷ್ಟೂ ಒತ್ತಾಗುವ, ಮೇಲಾಗಿ ಹೂ ಬಿಡುವ ಬೇಲಿ ಯಾರಿಗೆ ತಾನೇ ಬೇಡ?

ಹೊರನಾಡಿನ ಹೂವನ್ನು ಹಿತ್ತಲಿಗೆ ಕರೆದುಕೊಳ್ಳುವುದು ನಮಗೆ ಹೊಸತೇನಲ್ಲ. ದಸರೆಗೆ ಬೇಕೇ ಬೇಕಾದ ಚೆಂಡುಹೂ ಮೆಕ್ಸಿಕೋ ಕಡೆಯದು. ದೇವಸ್ಥಾನದ ಅಂಗಳದ ದೇವಗಣಗಿಲೆಯೂ ಅಮೆರಿಕದ್ದೇ. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಇವೆಲ್ಲ ನೆಟ್ಟಲ್ಲಿ ನಿಂತವು. ಲಂಟಾನ ನಿಲ್ಲಲಿಲ್ಲ. ಅದರ ಕಪ್ಪು ಹಣ್ಣು ಪಿಕಳಾರ ಹಕ್ಕಿಗಳಿಗೆ ಇಷ್ಟ. ಅವು ತಿಂದು ಹಾರಿಹೋಗಿ ಕುಳಿತಲ್ಲೆಲ್ಲ ಬೀಜ ಬಿತ್ತು. ಹೀಗೆ ಬೇಲಿಯ ಗಿಡ ಬೇಲಿ ಹಾರಿತು. ಕೊಡಗಿನಲ್ಲಿ ಪಾಳುಬಿದ್ದ ಕಾಫಿ ತೋಟಗಳು ಅದಕ್ಕೆ ಹಾಸಿಗೆಯಾದವು. ಮರ ಕಡಿದು ಬೆಳಕು ಬಿದ್ದಲ್ಲಿ, ರಸ್ತೆ ತೆಗೆದಲ್ಲಿ, ಅದು ಕಾಡಿನೊಳಕ್ಕೂ ಕಾಲಿಟ್ಟಿತು.

ಬೇಲಿಗೆಂದು ಬಂದು ಕಾಟ ಕೊಟ್ಟ ಗಿಡ ಇದೊಂದೇ ಅಲ್ಲ. ಪಾಪಾಸುಕಳ್ಳಿಯದೂ ಇದೇ ಕಥೆ. ಕೆಂಪು ಬಣ್ಣ ಕೊಡುವ ಕೀಟವನ್ನು ಕಳ್ಳಿಯ ಮೇಲೆ ಸಾಕುವ ಆಸೆ ಈಸ್ಟ್ ಇಂಡಿಯಾ ಕಂಪನಿಗೆ ಇತ್ತು. 1795ರಲ್ಲಿ ಬ್ರೆಜಿಲ್‌ನಿಂದ ಕೀಟವೇನೋ ಬಂತು, ಆದರೆ ಒಳ್ಳೆಯ ಬಣ್ಣ ಕೊಡುವ ಜಾತಿಯದಲ್ಲ. ಅದು ಒಂದು ಬಗೆಯ ಕಳ್ಳಿಯನ್ನು ತಿಂದು ಮುಗಿಸಿತು, ಇನ್ನೊಂದು ಬಗೆಯದು ಉಳಿದು ಹೊಲಗದ್ದೆಗಳನ್ನು ಆವರಿಸಿತು. 1926ರಲ್ಲಿ ಸಿಂಹಳದಿಂದ ತಂದ ಬೇರೊಂದು ಕೀಟ ಅದನ್ನೂ ಹತೋಟಿಗೆ ತಂದಿತು.

ಲಂಟಾನಕ್ಕೂ ಇದೇ ಮದ್ದನ್ನು ಪ್ರಯೋಗಿಸಿ ನೋಡಿದ್ದಾಯಿತು. ಹವಾಯಿ ದ್ವೀಪದವರು 1902ರಲ್ಲಿಯೇ ಮೆಕ್ಸಿಕೋದಿಂದ ಕೀಟಗಳನ್ನು ತರಿಸಿದ್ದರು. ಭಾರತಕ್ಕೆ 1921ರಲ್ಲಿ ಬೀಜ ತಿನ್ನುವ ನೊಣವೂ, 1941ರಲ್ಲಿ ಎಲೆಯ ರಸ ಹೀರುವ ತಿಗಣೆಯೂ ಬಂದವು. ತಿಗಣೆ ತೇಗದ ಮರಕ್ಕೂ ತೊಂದರೆ ಕೊಟ್ಟೀತೆಂಬ ಅಂಜಿಕೆಯಿಂದ ಆ ಪ್ರಯೋಗವನ್ನು ಕೈಬಿಟ್ಟರು. ಆದರೆ ಅಷ್ಟರಲ್ಲಿ ತಿಗಣೆಯೂ ತಪ್ಪಿಸಿಕೊಂಡು ಹರಡಿತ್ತು! ಲಂಟಾನಕ್ಕೆ ಮಾತ್ರ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಕಾರಣ ಆ ಗಾಜಿನ ಮನೆಗಳಲ್ಲಿದೆ. ಮನುಷ್ಯ ಬೆರಕೆ ಮಾಡಿದ ತಳಿಗಳು ಹಲವಾರು, ಅವುಗಳಲ್ಲಿ ಒಂದಕ್ಕೆ ಒಗ್ಗಿದ ಕೀಟ ಇನ್ನೊಂದನ್ನು ಮುಟ್ಟುವುದಿಲ್ಲ.

ಇದರಿಂದ ಕಾಕನಕೋಟೆಗೆ ಆದ ನಷ್ಟವೇನು? ಈ ಕಾಡು ಆನೆಗಳಿಗೆ ಹೆಸರಾದದ್ದು. ಮೈಸೂರು ಅರಸರ ಕಾಲದ ಖೆಡ್ಡಾಗಳು ಇಲ್ಲಿ ನಡೆದವು, ಕೊನೆಯದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಕಾಡಿನ ಒಂದು ಭಾಗ ನೀರಿನಡಿ ಸೇರಿತು. ಉಳಿದದ್ದು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಭಾಗವಾಯಿತು. ಆನೆ, ಕಾಟಿ, ಜಿಂಕೆಗಳಿಗೆಲ್ಲ ಹುಲ್ಲು ಬೇಕು. ಲಂಟಾನದ ಪೊದೆಯಡಿ ಹುಲ್ಲು ಏಳುವುದಿಲ್ಲ, ಮರದ ಸಸಿಗಳೂ ಮೇಲೇಳಲಾರವು. ಎಲೆಯಲ್ಲಿ ವಿಷವಿರುವುದರಿಂದ ತಿಂದ ದನದ ಪಿತ್ತಜನಕಾಂಗ ಕೆಡುತ್ತದೆ. ಬೇಸಿಗೆಯಲ್ಲಿ ಒಣಗಿದ ಪೊದೆ ಕಾಳ್ಗಿಚ್ಚಿಗೆ ಸೌದೆಯಾಗುತ್ತದೆ. ಬೆಂಕಿ ಆರಿ ಮಳೆ ಬಿದ್ದರೆ ಅದೇ ಬುಡದಿಂದ ಮತ್ತೆ ಚಿಗುರುತ್ತದೆ. ದೇಶದ ಹುಲಿ ಕಾಡುಗಳಲ್ಲಿ ಶೇಕಡ 40ಕ್ಕಿಂತ ಹೆಚ್ಚು ಭಾಗಕ್ಕೆ ಲಂಟಾನ ಹಬ್ಬಿದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಮೇವು ಕಡಿಮೆಯಾದ ಆನೆ ಹೊಲಕ್ಕೆ ಇಳಿಯುತ್ತದೆ. ಅದನ್ನು ತಡೆಯಲು ಕಾಡಂಚಿನಲ್ಲಿ ಈಗ ರೈಲುಕಂಬಿಯ ಬೇಲಿ ಹಾಕುತ್ತಿದ್ದೇವೆ. ಹೂವಿನ ಬೇಲಿ ತಂದ ತೊಂದರೆಗೆ ಕಬ್ಬಿಣದ ಬೇಲಿಯ ಪರಿಹಾರ!

ಕಾಡಿನ ಮಕ್ಕಳ ಮಾತನ್ನೂ ಇಲ್ಲಿ ಕೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲೇ ತೆಳುವಾದ 'ತರಗುಬೆಂಕಿ' ಹಾಕುತ್ತಿದ್ದರು. ಅದನ್ನು ನಿಷೇಧಿಸಿದ ಮೇಲೆ ಲಂಟಾನ ಹೆಚ್ಚಿತೆಂಬುದು ಅವರ ವಾದ. ಅಲ್ಲಿ 1997ರಲ್ಲಿ ಪರಿಶೀಲಿಸಿದ ತಾಕುಗಳ ಪೈಕಿ ಶೇಕಡ 41ರಲ್ಲಿ ಇದ್ದ ಲಂಟಾನ, 2008ರ ವೇಳೆಗೆ ಶೇಕಡ 81ಕ್ಕೆ ಏರಿತ್ತು. ಬೆಂಕಿಯೊಂದೇ ಕಾರಣವೇ ಎಂಬ ಚರ್ಚೆ ಇದ್ದೀತು, ಆದರೆ ಕಾಡನ್ನು ದಿನವೂ ಕಂಡವರ ಅನುಭವವನ್ನು ತಳ್ಳಿಹಾಕುವಂತಿಲ್ಲ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಇದೇ ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಹೆಣೆಯುತ್ತಿದ್ದಾರೆ. ನೀಲಗಿರಿಯ ಬುಡಕಟ್ಟು ಜನ ಲಂಟಾನದಿಂದಲೇ ಕಟ್ಟಿದ ಆಳೆತ್ತರ ಮೀರಿದ ಆನೆಗಳು 2021ರಲ್ಲಿ ಲಂಡನ್ ನಗರದ ಉದ್ಯಾನಗಳಲ್ಲಿ ನಿಂತಿದ್ದವು.

ಕಿತ್ತು ಹಾಕುವುದಕ್ಕೂ ಒಂದು ರೀತಿಯಿದೆ. ನೆಲದ ಮಟ್ಟಕ್ಕೆ ಕತ್ತರಿಸಿದರೆ ಪ್ರಯೋಜನವಿಲ್ಲ. ನೆಲದಡಿ ಮೂರು ಅಂಗುಲದಷ್ಟು ಕೆಳಗೆ ಬೇರಿನ ಬುಡವನ್ನು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಇಟ್ಟು ಒಣಗಿಸಬೇಕು. ಆ ಜಾಗದಲ್ಲಿ ಹುಲ್ಲು ಬಿತ್ತಬೇಕು. ಎರಡು ಮೂರು ವರ್ಷ ಬಿಡದೆ ಸಸಿ ಕೀಳಬೇಕು, ಏಕೆಂದರೆ ಮಣ್ಣಿನಲ್ಲಿ ಬೀಜ ಉಳಿದಿರುತ್ತದೆ, ಹಕ್ಕಿಗಳೂ ಹೊಸದನ್ನು ತರುತ್ತಿರುತ್ತವೆ.

ಆ ಹೊಸ ಬೀಜ ಬರುವ ದಾರಿಗಳಲ್ಲಿ ನಮ್ಮ ಹಿತ್ತಲೂ ಒಂದು. ಕಾಡಂಚಿನ ಊರಿನ ಬೇಲಿಯಲ್ಲಿ ಕಾಯಿ ಬಿಟ್ಟ ಲಂಟಾನವಿದ್ದರೆ ಈ ಬೇಸಿಗೆಯಲ್ಲೇ, ಹಣ್ಣು ಕಪ್ಪಾಗುವ ಮೊದಲು, ಬುಡ ಸಹಿತ ತೆಗೆಯಬಹುದು. ಅಲ್ಲಿ ದಾಸವಾಳವನ್ನೋ ಹಾಲವಾಣವನ್ನೋ ನೆಟ್ಟರೆ ಬೇಲಿಗೆ ಬೇಲಿಯೂ ಆಯಿತು, ವಸಂತಕ್ಕೆ ಹೂವೂ ಆಯಿತು.