ಇನ್ನೂ ಸ್ವಲ್ಪ ಆಳಕ್ಕೆ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆಯುವವರು ತಪ್ಪದೆ ಹೇಳುವ ಪ್ರಸಂಗವೊಂದಿದೆ. 1880ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಮೂರು ವರ್ಷ ಅಗೆದರೂ ಲಾಭದ ಸುಳಿವು ಕಾಣಲಿಲ್ಲ. ಬಂಡವಾಳದ ಬಹುಪಾಲು ಕರಗಿತ್ತು. ಕಂಪನಿಯನ್ನು ಮುಚ್ಚಿ ಉಳಿದದ್ದನ್ನಾದರೂ ಹಂಚಿಕೊಳ್ಳೋಣವೆಂಬ ಮಾತು ಷೇರುದಾರರಲ್ಲಿ ಎದ್ದಿತು. ವ್ಯವಸ್ಥಾಪಕರಾಗಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಉಳಿದ ಹಣವನ್ನೂ ನೆಲಕ್ಕೇ ಹಾಕುವಂತೆ ಅವರ ಮನವೊಲಿಸಿತು. ಕ್ಯಾಪ್ಟನ್ ಪ್ಲಮ್ಮರ್ ಗಣಿಯ ಉಸ್ತುವಾರಿಗೆ ಬಂದರು (ಗಣಿಯ ಮೇಲ್ವಿಚಾರಕನನ್ನು ಕ್ಯಾಪ್ಟನ್ ಎನ್ನುವುದು ಕಾರ್ನ್‌ವಾಲಿನ ರೂಢಿ). ಆ ಬಳಿಕ ಚಾಂಪಿಯನ್ ಪದರ ಸಿಕ್ಕಿತು. ಮುಂದಿನದು ಎಲ್ಲರಿಗೂ ತಿಳಿದದ್ದೇ.

ಈ ಕಥೆಯಲ್ಲಿ ವ್ಯವಸ್ಥಾಪಕರು ದೂರದೃಷ್ಟಿಯುಳ್ಳವರು, ಷೇರುದಾರರು ಪುಕ್ಕಲರು. ನನಗೆ ಈ ಹಂಚಿಕೆ ಒಪ್ಪಿಗೆಯಾಗದು. ಆ ಷೇರುದಾರರ ಸಂಶಯಕ್ಕೆ ಬಲವಾದ ಕಾರಣವಿತ್ತು. ಆ ಕಾರಣ ಇದ್ದದ್ದು ಮೈಸೂರಿನಲ್ಲಲ್ಲ, ಮದರಾಸು ಪ್ರಾಂತ್ಯದಲ್ಲಿ, ಇಂದು ನೀಲಗಿರಿ ಜಿಲ್ಲೆಗೆ ಸೇರಿರುವ ಗೂಡಲೂರು, ಪಂದಲೂರು, ದೇವಾಲಗಳ ಕಾಡಿನಲ್ಲಿ.

ಆಗ್ನೇಯ ವೈನಾಡೆಂದು ಹೆಸರಾಗಿದ್ದ ಆ ಸೀಮೆಯಲ್ಲಿ ಕೊರಕ ಹುಳುವೂ ಎಲೆರೋಗವೂ ಕಾಫಿ ತೋಟಗಳನ್ನು ಹಾಳುಗೆಡವಿದ್ದವು. ತೋಟದ ನೆಲದಲ್ಲಿ ಬಿಳಿಗಲ್ಲಿನ ಪದರಗಳಿದ್ದವು, ಅವುಗಳಲ್ಲಿ ಅಲ್ಪಸ್ವಲ್ಪ ಚಿನ್ನವೂ ಇತ್ತು. ಸರ್ಕಾರ ಆಸ್ಟ್ರೇಲಿಯದಿಂದ ಬ್ರೋ ಸ್ಮಿತ್ ಎಂಬ ತಜ್ಞನನ್ನು ಕರೆಸಿತು. ಅವನ ವರದಿ ಆಶಾದಾಯಕವಾಗಿತ್ತು. 1879ರಿಂದ 1881ರೊಳಗೆ ಭಾರತದ ಚಿನ್ನಕ್ಕಾಗಿ ಇಂಗ್ಲೆಂಡಿನಲ್ಲಿ ತಲೆಯೆತ್ತಿದ ಕಂಪನಿಗಳು ನಲವತ್ತೊಂದು, ಅವುಗಳ ಘೋಷಿತ ಬಂಡವಾಳ 50 ಲಕ್ಷ ಪೌಂಡಿಗೂ ಮೇಲೆ. ಇವುಗಳಲ್ಲಿ ಮೂವತ್ತಮೂರು ವೈನಾಡಿನವು.

ಈ ಕಂಪನಿಗಳ ಒಳರಚನೆಯನ್ನು ಗಮನಿಸಬೇಕು. ರೋಗ ಹತ್ತಿದ ತೋಟವನ್ನು ಮಧ್ಯವರ್ತಿ ಕೊಳ್ಳುವನು. ಅದನ್ನೇ ಹೊಸ ಕಂಪನಿಗೆ ಚಿನ್ನದ ಭೂಮಿಯೆಂದು ಹಲವು ಪಟ್ಟು ಬೆಲೆಗೆ ಮಾರುವನು. ಜನರು ಷೇರಿಗೆ ಕಟ್ಟಿದ ಹಣದ ದೊಡ್ಡ ಪಾಲು ಒಂದು ಗುದ್ದಲಿ ಏಟು ಬೀಳುವ ಮೊದಲೇ ಈ ಮಾರಾಟಗಾರನ ಕೈಸೇರುತ್ತಿತ್ತು. ಉಳಿದದ್ದರಲ್ಲಿ ಬಂಗಲೆ, ರಸ್ತೆ, ಯಂತ್ರ. ಕಲ್ಲಿನಲ್ಲಿ ಎಷ್ಟು ಚಿನ್ನವಿದೆಯೆಂದು ಖಚಿತವಾಗುವ ಮೊದಲೇ ಅರೆಯುವ ಯಂತ್ರಗಳು ಘಟ್ಟ ಹತ್ತಿದವು. ಅರೆದು ನೋಡಿದಾಗ ಬಂದ ಚಿನ್ನ ಖರ್ಚಿಗೂ ಸಾಲಲಿಲ್ಲ. ಕೆಲವೇ ವರ್ಷಗಳಲ್ಲಿ ಬಹುತೇಕ ಎಲ್ಲವೂ ಮುಳುಗಿದವು.

ಲಂಡನ್ನಿನಲ್ಲಿ ಕುಳಿತ ಷೇರುದಾರನಿಗೆ ವೈನಾಡು ಬೇರೆ, ಕೋಲಾರ ಬೇರೆ ಎಂದು ತಿಳಿಯುವ ದಾರಿ ಯಾವುದು? ಎರಡೂ ಕಡೆಯಿಂದ ಹಡಗಿನ ಟಪಾಲಿನಲ್ಲಿ ಬರುತ್ತಿದ್ದದ್ದು ವ್ಯವಸ್ಥಾಪಕನ ಪತ್ರ. ಎರಡು ಕಡೆಯೂ ಕೇಳಬಹುದಾಗಿದ್ದ ಸಮಾಧಾನವೆಂದರೆ ಇನ್ನೂ ಸ್ವಲ್ಪ ಆಳಕ್ಕೆ ಹೋಗಬೇಕು ಎಂಬುದು. ಕೋಲಾರದ ಹಕ್ಕುಪತ್ರವಾದರೂ ಕೈಯಿಂದ ಕೈಗೆ ದಾಟಿದ್ದೇ. ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಲವೆಲ್ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಉರಿಗಾಂ ಬಳಿ ಬಾವಿ ತೋಡಿಸಿ, ಕೈಯಲ್ಲಿ ಹಣವಿಲ್ಲದೆ ಹಕ್ಕನ್ನು ಮದರಾಸು ಸ್ಟಾಫ್ ಕೋರಿನ ಬೆರೆಸ್‌ಫರ್ಡ್ ಮತ್ತು ಅವನ ಗೆಳೆಯರಿಗೆ ಬಿಟ್ಟುಕೊಟ್ಟಿದ್ದ.

ಆದರೂ ಒಂದು ವ್ಯತ್ಯಾಸವಿತ್ತು, ಅದು ನೆಲದಲ್ಲೇ ಇತ್ತು. ಮಾರಿಕುಪ್ಪಂ ಸುತ್ತಮುತ್ತ ಹಿಂದಿನ ಕಾಲದ ಜನ ತೋಡಿ ಬಿಟ್ಟುಹೋದ ಹಳೆಯ ಗಣಿಗಳಿದ್ದವು. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ವಾರನ್ ಕೂಡ ಅಲ್ಲಿ ಚಿನ್ನ ತೆಗೆಯುವವರನ್ನು ಕಂಡಿದ್ದ. ಅಷ್ಟು ಆಳ ತೋಡಿದವರು ಸುಮ್ಮನೆ ತೋಡಿರಲಾರರು. ಪ್ಲಮ್ಮರ್ ಸಿರಿಯನ್ನು ಕಂಡದ್ದು ಆ ಪುರಾತನರು ನಿಲ್ಲಿಸಿದ ಮಟ್ಟದಿಂದ ಕೆಳಗೆ. ಹೆಸರಿಲ್ಲದ ಆ ಹಳೆಯ ಗಣಿಗಾರರಿಗೆ ಯಾವ ಕಂಪನಿಯ ಪುಸ್ತಕದಲ್ಲೂ ಲಾಭಾಂಶ ಬರೆದಿಲ್ಲ.

ಲಾಭಾಂಶ ಹರಿಯತೊಡಗಿದ ಮೇಲೆ ಷೇರುದಾರರ ಸಂಶಯ ಅಡಗಿತು. ಟೇಲರ್ ಸಂಸ್ಥೆಯ ಹಿಡಿತ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವವರೆಗೂ ಉಳಿಯಿತು. ಆಡಳಿತವನ್ನು ಪ್ರಶ್ನಿಸಿದವರು ಬೇರೆ ಜನ: 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಆಜ್ಞೆಯ ವಿರುದ್ಧ ಕೆಲಸ ನಿಲ್ಲಿಸಿದ ಕಾರ್ಮಿಕರು. ಅವರಲ್ಲಿ ಬಹಳ ಮಂದಿ ಉತ್ತರ ಆರ್ಕಾಟು ಮೊದಲಾದ ತಮಿಳು ಸೀಮೆಯಿಂದ ಬಂದವರು. ಚೆನ್ನೈ ಬೆಂಗಳೂರು ರೈಲಿನಲ್ಲಿ ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಗಾಡಿ ಹಿಡಿಯುವವರ ತಮಿಳನ್ನು ಕೇಳಿದರೆ ಈ ಚರಿತ್ರೆ ಇನ್ನೂ ಕಿವಿಗೆ ಬೀಳುತ್ತದೆ.

1962ರಲ್ಲಿ ಗಣಿಗಳು ಕೇಂದ್ರಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಈಗ ಮಾಲೀಕನೂ ಸರ್ಕಾರವೇ, ವ್ಯವಸ್ಥಾಪಕರನ್ನು ನೇಮಿಸುವುದೂ ಸರ್ಕಾರವೇ. ಗಣಿ ಮೂರು ಕಿಲೋಮೀಟರಿಗೂ ಕೆಳಗಿಳಿದಿತ್ತು, ಅದಿರಿನ ಸತ್ವ ಇಳಿದಿತ್ತು. ಇನ್ನೂ ಹಣ ಹಾಕಬೇಕೆ ಎಂಬ 1883ರ ಪ್ರಶ್ನೆ ಮತ್ತೆ ಎದ್ದಾಗ ಮನವೊಲಿಸುವ ಟೇಲರ್ ಯಾರೂ ಇರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿನ ನೆತ್ತಿಯ ಮೇಲೆ ಸೈನೈಡ್ ದಿಬ್ಬಗಳು ನಿಂತಿವೆ. ಅವುಗಳಲ್ಲಿ ಇನ್ನೂ ಅಷ್ಟಿಷ್ಟು ಚಿನ್ನವಿದೆ.