ಕನ್ನಡದ ಪರಾಮರ್ಶನ ಗ್ರಂಥಗಳು



ಕಳೆದ ರಾಜ್ಯೋತ್ಸವದಂದು ಇದೇ ಕ್ಯಾಲಮ್‌ವೇಲ್‌ನ ಸಭೆಯಲ್ಲಿ ನಾವು, ಹಲ್ಮಿಡಿ ಶಾಸನದಲ್ಲಿ ಕ್ರಿ.ಶ. 450 ಎಂದು ಕೆತ್ತಿದೆಯೆಂದು ಹೇಳಿದ್ದೆವು. ಪ್ರೌಢಶಾಲೆಯ ಬಾಲಕಿಯೊಬ್ಬಳು ಎದ್ದು, “ಅಂಕಲ್, ಆ ಇಸವಿ ಯಾವ ಸಾಲಿನಲ್ಲಿದೆ?” ಎಂದು ಕೇಳಿದಳು. ನಮಗೆ ಉತ್ತರ ತೋಚಲಿಲ್ಲ. ಕಿರಿಯ ವೈದ್ಯರು ಔಷಧದ ಪ್ರಮಾಣ ಹೇಳಿದೊಡನೆ ಆಧಾರವೇನೆಂದು ಕೇಳುವ ನಾವು, ತಾಯ್ನುಡಿಯ ವಿಷಯದಲ್ಲಿ ಕಿವಿಗೆ ಬಿದ್ದುದನ್ನೇ ನುಡಿದಿದ್ದೆವು. ಆ ಋಣ ತೀರಿಸಲೆಂದೇ ಇಂದಿನ ಈ ಉಪನ್ಯಾಸ.

ಹಲ್ಮಿಡಿಯ ಕಲ್ಲಿನಲ್ಲಿ ಇಸವಿಯೇ ಇಲ್ಲ. ಬೇಲೂರು ತಾಲ್ಲೂಕಿನ ಆ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಡಾ. ಎಂ. ಎಚ್. ಕೃಷ್ಣ ಅವರು. ಲಿಪಿಯ ರೂಪ, ಭಾಷೆ ಮುಂತಾದವುಗಳನ್ನು ಪರಿಶೀಲಿಸಿ ವಿದ್ವಾಂಸರು ಅದರ ಕಾಲವನ್ನು ಸುಮಾರು 450 ಎಂದು ನಿರ್ಣಯಿಸಿದರು. ಆ ‘ಸುಮಾರು’ ಎಂಬ ಶಬ್ದ ಸಭೆಯಿಂದ ಸಭೆಗೆ ಸಾಗುವಾಗ ಉದುರಿಹೋಗಿದೆ!

ಶಾಸನದ ಪ್ರಶ್ನೆಗೆ ನೋಡಬೇಕಾದುದು ‘ಎಪಿಗ್ರಾಫಿಯಾ ಕರ್ನಾಟಿಕಾ’. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಇದನ್ನು ಆರಂಭಿಸಿ, ಹನ್ನೆರಡು ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮಾಲೆ 1972ರಲ್ಲಿ ಮೊದಲಾಯಿತು. ಆದರೆ ರೈಸ್ ಅವರ ಸಂಪುಟಗಳಲ್ಲಿ ಹಲ್ಮಿಡಿಯನ್ನು ಹುಡುಕಿದರೆ ಸಿಕ್ಕದು. ಅವರು 1927ರಲ್ಲಿ ತೀರಿಕೊಂಡಾಗ ಆ ಶಾಸನವಿನ್ನೂ ಬೆಳಕಿಗೆ ಬಂದಿರಲಿಲ್ಲ. ಗ್ರಂಥದಲ್ಲಿ ಇಲ್ಲವೆಂದರೆ ಲೋಕದಲ್ಲೇ ಇಲ್ಲವೆಂದಲ್ಲ. ಮೊದಲು ಅದರ ಪ್ರಕಟಣೆಯ ವರ್ಷವನ್ನು ನೋಡಬೇಕು.

ಕವಿಗಳ ಕಾಲ, ಕೃತಿಗಳ ವಿಚಾರಕ್ಕೆ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳಿವೆ (1907, 1919, 1929). ವಿವಿಧ ವಿಷಯಗಳ ಪೀಠಿಕೆಗೆ ಮೈಸೂರಿನ ‘ಕನ್ನಡ ವಿಶ್ವಕೋಶ’ವಿದೆ.

ಶಬ್ದಗಳಿಗೆ ಮನೆಗಳಲ್ಲಿ ಎಲ್ಲರೂ ಹೆಸರಿಸುವುದು ಕಿಟ್ಟೆಲ್ ಅವರನ್ನು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಈ ಜರ್ಮನ್ ಪಾದ್ರಿಯ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನಮ್ಮ ಮಕ್ಕಳಿಗೆ ಅದೇ ಸುಲಭ, ಅರ್ಥಗಳು ಇಂಗ್ಲಿಷಿನಲ್ಲಿವೆಯಲ್ಲ! ಗಾದೆಗಳನ್ನೂ ಅವರು ಬಿಟ್ಟಿಲ್ಲ. ಆದರೆ ಒಂದು ಶಬ್ದ ಪ್ರಾಚೀನವೋ ಅಲ್ಲವೋ ಎಂದು ವಾದ ಬಂದರೆ ನಾವು ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನಿಘಂಟು’ವನ್ನೇ ತೆರೆಯುತ್ತೇವೆ. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಆ ಕೋಶವು ಅರ್ಥದ ಜೊತೆಗೆ ಶಾಸನ, ಕಾವ್ಯಗಳ ಪ್ರಯೋಗಗಳನ್ನೂ ಮುಂದಿಡುತ್ತದೆ. ಸಾಕ್ಷಿಯನ್ನು ಕರೆದುತಂದು ನಿಲ್ಲಿಸಿದ ಹಾಗೆ. ಅದರ ಸಂಪಾದಕತ್ವದಲ್ಲಿ ದೀರ್ಘಕಾಲ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ, ನೂರೇಳರ ವಯಸ್ಸಿನಲ್ಲಿ ನಿಧನರಾದರು.

ಇಷ್ಟನ್ನು ಬರೆದುಕೊಂಡು ಆ ಬಾಲಕಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವಳು ಸಾವಧಾನವಾಗಿ ಕೇಳಿ, “ತಾಳಗುಂದದಲ್ಲಿ ಹಲ್ಮಿಡಿಗಿಂತ ಹಳೆಯದು ಸಿಕ್ಕಿದೆಯಂತಲ್ಲ, ಅಂಕಲ್?” ಎಂದಳು. ನಿಜ. ಶಿವಮೊಗ್ಗ ಜಿಲ್ಲೆಯ ಆ ಊರಿನ ಸಿಂಹಕಟಾಂಜನದ ಶಾಸನವನ್ನು ಸುಮಾರು 370ಕ್ಕೆ ಸೇರಿಸುವ ವಿದ್ವಾಂಸರಿದ್ದಾರೆ. ಈ ಬಾರಿ ನಾವು ‘ಸುಮಾರು’ ಎಂಬುದನ್ನು ಬಿಡದೆ ಹೇಳಿದೆವು. ಅವಳು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಕೆಳಗೆ ಗೆರೆ ಎಳೆದಳು.