ಹಿಟ್ಟಿನ ಹುಂಜದ ಪಾಪ: ಜನ್ನ, ಶೆಲ್ಲಿ ಮತ್ತು ಮಂಡ್ಯದ ಬಾಡೂಟ

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಗೋಷ್ಠಿಗಳಿಗಿಂತ ಹೆಚ್ಚು ಸದ್ದು ಮಾಡಿದ್ದು ಬಾಡೂಟದ ಬೇಡಿಕೆ. ಮಳಿಗೆಗಳ ನಿಯಮದಲ್ಲಿ ನಿಷಿದ್ಧವಾದ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದ್ದು ಹಲವರನ್ನು ಕೆರಳಿಸಿತು. ಬಂಡೂರು ಕುರಿಯ ತವರಾದ ಮಳವಳ್ಳಿ ತಾಲ್ಲೂಕು ಇರುವುದು ಇದೇ ಜಿಲ್ಲೆಯಲ್ಲಿ, ಕೆರಳದಿದ್ದರೇ ಆಶ್ಚರ್ಯ. ಆದರೆ ಕೊಲ್ಲಬಾರದೆಂಬ ಮಾತಿಗೂ ಈ ಸೀಮೆಯಲ್ಲಿ ಹಳೆಯ ಬೇರಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರಿಂದ ತಲಕಾಡನ್ನು ಗೆದ್ದುಕೊಂಡ ಮೇಲೆ ತಿಪ್ಪೂರನ್ನು ಜೈನ ಮುನಿ ಮೇಘಚಂದ್ರ ಸಿದ್ಧಾಂತದೇವರಿಗೆ ದತ್ತಿ ಬಿಟ್ಟ. ಅದು ಇಂದಿನ ಮದ್ದೂರು ತಾಲ್ಲೂಕಿನ ಆರೆತಿಪ್ಪೂರು.

ಕೊಲ್ಲಬಾರದೆಂಬ ಈ ಜೈನ ನಿಲುವಿಗೆ ಕನ್ನಡದಲ್ಲಿ ಅತ್ಯಂತ ಹರಿತವಾದ ರೂಪ ಕೊಟ್ಟವನು ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನ. ಅವನ 'ಯಶೋಧರ ಚರಿತೆ' 1209ರದು. ರಾಣಿ ಅಮೃತಮತಿ ಮಾವುತ ಅಷ್ಟಾವಂಕನಿಗೆ ಒಲಿದದ್ದನ್ನು ಮರೆಮಾಚಿ ಅರಸ ಯಶೋಧರ ಹೇಳಿದ ದುಃಸ್ವಪ್ನದ ನೆಪ ಕೇಳಿದ ತಾಯಿ ಚಂದ್ರಮತಿ ಬಲಿ ಕೊಡು ಎನ್ನುತ್ತಾಳೆ; ಯಶೋಧರ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಹುಂಜಕ್ಕೆ ಇಬ್ಬರೂ ರಾಜಿಯಾಗುತ್ತಾರೆ. ಕತ್ತಿ ಬಿದ್ದೊಡನೆ ಆ ಹಿಟ್ಟು ಕೂಗುತ್ತದೆ! ಆ ಒಂದು ಏಟಿಗೆ ತಾಯಿ ಮಗ ನವಿಲು, ನಾಯಿ, ಆಡು, ಕೋಳಿಗಳಾಗಿ ಜನ್ಮ ಜನ್ಮ ತೊಳಲಬೇಕಾಗುತ್ತದೆ. ಜೀವ ಹೋಗಿರಲಿಲ್ಲ, ನಿಜ. ಕೊಲ್ಲುವ ಸಂಕಲ್ಪವಿತ್ತು, ಜನ್ನನಿಗೆ ಅಷ್ಟೇ ಸಾಕು. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕ ಬಂದ ಮೇಲೂ ನಮ್ಮ ತರಗತಿಗಳಲ್ಲಿ ಅಮೃತಮತಿ ಅಷ್ಟಾವಂಕರ ಪ್ರಸಂಗವೇ ಈ ವಾದವನ್ನು ನುಂಗಿಹಾಕುತ್ತದೆ.

ಆರು ಶತಮಾನಗಳ ನಂತರ ಇಂಗ್ಲೆಂಡಿನ ರಮ್ಯ ಕವಿ ಶೆಲ್ಲಿ ಬೇರೆ ದಾರಿಯಿಂದ ಬಂದ. 'ಕ್ವೀನ್ ಮ್ಯಾಬ್' ಕಾವ್ಯಕ್ಕೆ ಮಾಂಸಾಹಾರದ ವಿರುದ್ಧ ಬರೆದ ಟಿಪ್ಪಣಿಯನ್ನೇ 1813ರಲ್ಲಿ ಬೇರೆ ಕಿರುಹೊತ್ತಗೆಯಾಗಿಯೂ ಅಚ್ಚು ಹಾಕಿಸಿದ. ಮನುಷ್ಯನ ಹಲ್ಲು ಕರುಳುಗಳ ರಚನೆ ಮಾಂಸಕ್ಕೆ ಹೇಳಿ ಮಾಡಿಸಿದ್ದಲ್ಲ, ರೋಗಗಳ ಮೂಲ ಅಲ್ಲಿದೆ, ಎತ್ತನ್ನು ಕೊಬ್ಬಿಸುವ ಮೇವಿನ ನೆಲದಲ್ಲಿ ಹತ್ತುಪಟ್ಟು ಹೊಟ್ಟೆ ತುಂಬಬಹುದು ಎಂಬುದು ಅವನ ಲೆಕ್ಕ. ಶೆಲ್ಲಿಯ ಅಭಿಮಾನಿ ಹೆನ್ರಿ ಸಾಲ್ಟ್ ಸಸ್ಯಾಹಾರದ ಪರವಾಗಿ ಬರೆದ ಪುಸ್ತಕ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿಯ ಕೈಸೇರಿತು. ಹಾಗೆ ಈ ವಾದ ಭಾರತಕ್ಕೂ ಬಂತು.

ಶೆಲ್ಲಿ ದೇಹವನ್ನೂ ಹೊಲವನ್ನೂ ನೋಡಿದ, ಜನ್ನ ಮನಸ್ಸನ್ನು. ಇಬ್ಬರ ವಾದಕ್ಕೂ ಮಡಿ ಮೈಲಿಗೆಯ ಆಧಾರವಿಲ್ಲ ಎಂಬುದು ಮುಖ್ಯ. ಜನ್ನನ ಕಾವ್ಯದಲ್ಲಿ ತಪ್ಪಿತಸ್ಥ ಅರಸ, ಈ ಕಥೆ ಕೇಳುವ, ಬಲಿಪೀಠದ ಮುಂದೆ ನಿಂತ ಮಾರಿದತ್ತನೂ ಅರಸ. ಬಡವರ ಒಲೆಯ ಮೇಲಿನ ಎಸರಿನ ಬಗ್ಗೆ ಅವನಿಗೆ ತಕರಾರಿಲ್ಲ. ಸಮ್ಮೇಳನದ ಜಗಳವಾದರೋ ಯಾರ ಅಡುಗೆ ಸಭೆಗೆ ಯೋಗ್ಯ ಎಂಬುದರದು. ಅದಕ್ಕೆ ಈ ಕವಿಗಳನ್ನು ಸಾಕ್ಷಿಗೆ ಕರೆಯುವುದು ಸಲ್ಲದು.

ಕರ್ನಾಟಕದ 1959ರ ಪ್ರಾಣಿಬಲಿ ತಡೆ ಕಾಯ್ದೆ ಕೂಡ ಊಟದ ತಂಟೆಗೆ ಹೋಗದು. ಅದು ತಡೆಯುವುದು ದೇವಾಲಯ ಮತ್ತು ಅದರ ಆವರಣದಂಥ ಪೂಜಾಸ್ಥಳಗಳಲ್ಲಿನ ಬಲಿಯನ್ನು. ಬಲಿಯ ಬದಲು ಬೂದುಗುಂಬಳವನ್ನು ಕುಯ್ದು ಕುಂಕುಮ ತುಂಬುವ ರೂಢಿ ನಮ್ಮಲ್ಲಿ ಚೆನ್ನಾಗಿಯೇ ಬೇರೂರಿದೆ. ಕಾಯ್ದೆಗೆ ಅದರಿಂದ ಬಾಧಕವಿಲ್ಲ. ಜನ್ನ ಇದ್ದಿದ್ದರೆ ಅದನ್ನೂ ಒಪ್ಪುತ್ತಿರಲಿಲ್ಲ.